ಕೋನ ತಿರುಗಿಸುವ ಚೆಲುವಾಂಬ

ಅರಸೀಕೆರೆಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ವಾರ್ನಿಷ್ ಕಾರ್ಖಾನೆಯ ಹಿಂಬದಿಯ ಕೋಣೆಯಲ್ಲಿ ಅಲ್ಲಿನ ರಸಾಯನ ಪರೀಕ್ಷಕಿ ಚೆಲುವಾಂಬ ಉಸಿರು ಬಿಗಿಹಿಡಿದು ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಯಂತ್ರದ ಪೆನ್ನು ಕಾಗದದ ಮೇಲೆ ಗೆರೆ ಎಳೆಯುತ್ತಾ ಸಾಗಿ ಒಂದು ಕಡೆ ಸಣ್ಣಗೆ ತಗ್ಗುತ್ತದೆ. ಅವರ ಮುಖ ಬಿಳಿಚಿಕೊಳ್ಳುತ್ತದೆ. "ನೆನ್ನೆ ಇದು ಇರಲಿಲ್ಲ," ಎನ್ನುತ್ತಾರೆ. ತಗ್ಗಿನ ಮೇಲೆ ಬೆರಳಿಟ್ಟು, "ಇತ್ತು. ನಾನು ನೋಡಲಿಲ್ಲ," ಎಂದು ತಿದ್ದಿಕೊಳ್ಳುತ್ತಾರೆ.

ನಾನು ಬಂದದ್ದು ನೆಮ್ಮದಿಯಾಗಿ ಕಾಫಿ ಕುಡಿದು, ಪತ್ರಿಕೆಯ ಭಾನುವಾರದ ಪುರವಣಿಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಂಡು ಹೋಗಲು. ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಕೇಳಿದ್ದೂ ನಾನೇ. ನನಗೆ ತೋರಿಸಲೆಂದು ತಿರುಪು ತಿರುಗಿಸಿದವರಿಗೆ ಈಗ ನಾನು ಎದುರಿಗಿರುವುದೇ ಮರೆತಂತಿದೆ.

ವಿಷಯ ಇಷ್ಟು. ಹಳೇಬೀಡಿನಾಚೆ ಕೆರೆಯ ಪಕ್ಕ ಒಂದು ಪುಟ್ಟ ಗುಡಿ. ಅದರ ಗೋಡೆಯಲ್ಲಿ ಮದ್ದಳೆ ಬಾರಿಸುವ ಹೆಣ್ಣಿನ ವಿಗ್ರಹ. ಹೊಳಪು ಬರಲಿ ಎಂದು ಯಾರೋ ಪುಣ್ಯಾತ್ಮರು ವರ್ಷಗಳ ಹಿಂದೆ ಅದಕ್ಕೆ ಪ್ಲಾಸ್ಟಿಕ್ ವಾರ್ನಿಷ್ ಬಳಿದರು. ಅದೀಗ ಹಳದಿಗಟ್ಟಿ ಸುಲಿಯುತ್ತಿದೆ. ಅದನ್ನು ತೆಗೆಯಬೇಕಾದರೆ ಅದು ಯಾವ ಪ್ಲಾಸ್ಟಿಕ್ ಎಂದು ತಿಳಿಯಬೇಕು. ಉದುರಿದ ಒಂದು ಹಕ್ಕಳೆ ಗುಡಿಯ ಸಮಿತಿಯಿಂದ ಚೆಲುವಾಂಬ ಅವರ ಕೈಗೆ ಬಂದದ್ದು ಹೀಗೆ.

ಹಕ್ಕಳೆಯನ್ನು ಒಂದು ಕೆಂಪು ಹರಳಿಗೆ ಒತ್ತಿ, ಹರಳಿನೊಳಗೆ ಕಣ್ಣಿಗೆ ಕಾಣದ ಅವಗೆಂಪು ಕಿರಣ ಹಾಯಿಸುತ್ತಾರೆ. ಹಕ್ಕಳೆ ಯಾವ ಯಾವ ಕಿರಣ ನುಂಗಿತು ಎಂಬುದರ ಮೇಲೆ ಪ್ಲಾಸ್ಟಿಕ್ಕಿನ ಗುರುತು ಸಿಗುತ್ತದೆ. ಕಿರಣ ಓರೆಯಾಗಿ ಬಿದ್ದರೆ ಮೇಲ್ಮೈ ಸವರಿ ಮರಳುತ್ತದೆ. ಕೋನ ತಿರುಗಿಸಿ ತುಸು ನೆಟ್ಟಗೆ ಬೀಳಿಸಿದರೆ ಇನ್ನೊಂದಿಷ್ಟು ಒಳಹೊಕ್ಕು ಬರುತ್ತದೆ. ಹಕ್ಕಳೆಯನ್ನು ಮಗುಚಿ ಹಾಕಿ ನೋಡಬಾರದೇ ಎಂದೆ. "ಹಿಂದೆಲ್ಲಾ ಕಲ್ಲಿನ ಪುಡಿ ಅಂಟಿದೆ. ಹರಳು ಗೀರಿಹೋಗುತ್ತೆ. ಹೋದರೆ ಇನ್ನೊಂದು ತರಿಸೋಕೆ ಆಗಲ್ಲ."

ನಿನ್ನೆ ಒಂದೇ ಕೋನದಲ್ಲಿ ನೋಡುವಷ್ಟರಲ್ಲಿ ಪಕ್ಕದ ಕೊಬ್ಬರಿ ಎಣ್ಣೆ ಗಿರಣಿ ಶುರುವಾಗಿ ಕರೆಂಟು ಕುಗ್ಗಿತು, ಪೆನ್ನು ನಡುಗಿತು. ಬರೀ ಅಕ್ರಿಲಿಕ್ ಎಂದು ತೀರ್ಮಾನಿಸಿ, ಅದನ್ನು ಕರಗಿಸುವ ದ್ರಾವಣವನ್ನು ಸಂಜೆ ಬಸ್ಸಿನಲ್ಲೇ ಹಳೇಬೀಡಿಗೆ ಕಳಿಸಿದರು. ಈಗ ಕೆಳಗೆ ಇನ್ನೊಂದು ಪದರ ಕಾಣುತ್ತಿದೆ, ವಿನೈಲ್ ಜಾತಿಯದು. "ಆ ದ್ರಾವಣಕ್ಕೆ ಅದು ಉಬ್ಬುತ್ತೆ. ಉಬ್ಬಿದ್ದು ಕಲ್ಲಿನ ಸಿಪ್ಪೆ ಕಿತ್ಕೊಂಡೇ ಬರೋದು," ಎನ್ನುತ್ತಾ ಚಪ್ಪಲಿ ಮೆಟ್ಟುತ್ತಾರೆ. ಬಿಸಿಲೇರುವ ಮುನ್ನವೇ ಅಲ್ಲಿ ಕೆಲಸ ಶುರುವಾಗುತ್ತದೆ. ಇವತ್ತು ಭಾನುವಾರ, ಅಂಚೆ ಕಚೇರಿಗೆ ಬೀಗ, ಫೋನ್ ಮಾಡುವ ಹಾಗಿಲ್ಲ. ಉಳಿದದ್ದು ಮೊದಲ ಬಸ್ಸು.

ಜಾವಗಲ್ ದಾರಿಯ ಬಸ್ಸು ಕೈ ಅಡ್ಡ ಹಾಕಿದವರಿಗೆಲ್ಲ ನಿಲ್ಲುತ್ತದೆ. ಪ್ರತಿ ಸಲ ನಿಂತಾಗಲೂ ಚೆಲುವಾಂಬ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತಾರೆ. ನನ್ನ ಪ್ರಶ್ನೆಗಳಿಗೆ ಅರ್ಧಂಬರ್ಧ ಉತ್ತರ. ತಂದೆ ಸುಬ್ಬರಾಮಯ್ಯ ಮೇಷ್ಟರಾಗಿದ್ದರು, ಮಗಳ ಬಿ.ಎಸ್ಸಿ. ಮುಗಿದ ವರ್ಷವೇ ತೀರಿಕೊಂಡರು. ತಾಯಿ, ಓದುವ ಇಬ್ಬರು ತಮ್ಮಂದಿರು ಇವರ ಸಂಬಳದಲ್ಲೇ ಬದುಕಬೇಕು. ದಿನಕ್ಕೆ ಐದಾರು ಮಾದರಿ ನೋಡುತ್ತಾರೆ, ಅದೂ ಗಿರಣಿ ಶುರುವಾಗುವ ಮುನ್ನ. ಅರವತ್ತೆಂಟನೆಯ ಇಸವಿಯಲ್ಲೂ ಹೆಣ್ಣೊಬ್ಬಳು ನಸುಕಿಗೇ ಕಾರ್ಖಾನೆಗೆ ನಡೆದರೆ ಬೀದಿಯ ಕಿಟಕಿಗಳೆಲ್ಲ ತೆರೆದುಕೊಳ್ಳುತ್ತವೆ. "ಅಭ್ಯಾಸ ಆಗಿದೆ. ಅವರಿಗೂ, ನನಗೂ."

ಗುಡಿಯ ಕೆಲಸಕ್ಕೆ ಮಾಲೀಕರು ಒಪ್ಪಿದ್ದು ಒಂದು ಷರತ್ತಿನ ಮೇಲೆ: ಹೊರಗಿನ ಕೆಲಸದಲ್ಲಿ ಕಾರ್ಖಾನೆಯ ಹೆಸರು ಕೆಟ್ಟರೆ ಇವರಿಗೆ ಆ ಕೋಣೆಯ ಬಾಗಿಲು ಮುಚ್ಚಿದಂತೆ. ಇದನ್ನು ಹೇಳುವಾಗ ಅವರು ಕಿಟಕಿಯಾಚೆ ನೋಡುತ್ತಿದ್ದರು.

ಬಸ್ಸಿಳಿದು ಕೆರೆ ಏರಿಯ ಮೇಲೆ ಸೀರೆ ನೆರಿಗೆ ಎತ್ತಿ ಹಿಡಿದು ಓಡುತ್ತಾರೆ. ಹಿಂದೆ ಏದುಸಿರು ಬಿಡುತ್ತಾ ನಾನು. ಗುಡಿಯ ಮುಂದೆ ಜೋರು ದನಿ ಕೇಳುತ್ತಿದೆ. ಸಮಿತಿಯ ಅಧ್ಯಕ್ಷ ಷಡಕ್ಷರಪ್ಪನವರು ಸಿಡಿಮಿಡಿಗುಟ್ಟುತ್ತಿದ್ದಾರೆ. ಎದುರಿಗೆ ವಿಗ್ರಹ ತೊಳೆಯುವ ಕೂಲಿಯಾಳು ಚನ್ನಪ್ಪ, ಕೈಯಲ್ಲಿ ಹತ್ತಿ. ಹತ್ತಿಯ ಮೇಲೆ ಅಂಟು, ಅಂಟಿನೊಳಗೆ ಬೂದು ಬಣ್ಣದ ಚೂರು. ಮದ್ದಳೆಯವಳ ಕಿರುಬೆರಳಿನ ತುದಿ ಉಗುರಿನ ಸಮೇತ ಹೋಗಿದೆ.

"ನಾನು ಉಜ್ಜಿಲ್ಲ ಅಮ್ಮಾರೆ. ನೀವು ಹೇಳ್‌ಕಳ್ಸಿದಂಗೇ ಒತ್ತಿ ಇಟ್ಟಿದ್ದೆ ಅಷ್ಟೇಯ. ಅದಾಗಿ ಅದೇ ಎದ್ದು ಬಂತು," ಎನ್ನುತ್ತಾನೆ ಚನ್ನಪ್ಪ.

"ಒರಟು ಕೈಯವನಿಗೆ ಒಪ್ಪಿಸಿದ್ದೇ ತಪ್ಪಾಯ್ತು. ನಾಳೆಯಿಂದ ಇವನು ಈ ಕಡೆ ತಲೆ ಹಾಕೋದು ಬೇಡ," ಎನ್ನುತ್ತಾರೆ ಷಡಕ್ಷರಪ್ಪ.

ಚೆಲುವಾಂಬ ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅಲ್ಲಿದ್ದವರಲ್ಲಿ ಕೋನದ ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಸುಮ್ಮನಿರಲಿ ಎಂದು ನನಗೆ ಅನಿಸಿದ್ದೂ ನಿಜ.

"ಅವರ ಕೈಯದ್ದು ಏನೂ ತಪ್ಪಿಲ್ಲ ಕಣ್ರೀ," ಎನ್ನುತ್ತಾರೆ ಚೆಲುವಾಂಬ. "ಕೆಳಗೆ ಇನ್ನೊಂದು ಪದರ ಇತ್ತು. ನಾನು ಪೂರ್ತಿ ನೋಡದೆ ದ್ರಾವಣ ಕಳಿಸಿದೆ. ಬೆರಳು ಹೋಗಿದ್ದು ನನ್ನಿಂದ."

ಷಡಕ್ಷರಪ್ಪನವರು ಬೆರಳು ಹೋದ ಜಾಗವನ್ನು ಬಗ್ಗಿ ನೋಡುತ್ತಾರೆ. "ನಿಮ್ಮನ್ನ ನಂಬಿದ್ವಲ್ಲಮ್ಮ," ಎನ್ನುತ್ತಾರೆ ಕೊನೆಗೆ. "ಹೌದು," ಎನ್ನುತ್ತಾರೆ ಚೆಲುವಾಂಬ. ಷಡಕ್ಷರಪ್ಪ ಚನ್ನಪ್ಪನ ಕಡೆ ತಿರುಗಿ, "ಸೀಸೆ ಮುಚ್ಚಿಡಯ್ಯ. ಇವರು ಸರಿಯಾದ್ದು ಕಳಿಸಿದ ಮೇಲೆ ಬಾ," ಎಂದು ಹೇಳಿ ಹೊರಟುಹೋಗುತ್ತಾರೆ.

ಮರಳುವ ಬಸ್ಸಿಗೆ ಕಾಯುತ್ತಾ ನಾನು ಮೆಲ್ಲಗೆ ಕೇಳುತ್ತೇನೆ: ಪುರವಣಿಯನ್ನು ನಿಮ್ಮ ಮಾಲೀಕರೂ ಓದುತ್ತಾರೆ, ಕಿರುಬೆರಳಿನ ಸಂಗತಿ ಬಿಟ್ಟುಬಿಡಲೇ? ಕೆಲಸ ಉಳಿಯುವುದಾದರೆ ನನಗೇನೂ ಅಡ್ಡಿಯಿಲ್ಲ.

ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಒಂಬತ್ತು ಬೆರಳು ಉಳಿಸಿದಳು ಅಂತ ಬರೀಬೇಡಿ. ಒಂದನ್ನ ಕಳೆದಳು ಅಂತ ಬರೀರಿ. ಇನ್ನು ಮುಂದೆ ನನ್ನ ಹತ್ರ ಬರೋರು ಅದನ್ನ ಓದಿಕೊಂಡೇ ಬರಲಿ."