ಸೋಮವಾರದ ಗುಳಿಗೆ

ಮೂರು ವರ್ಷದ ಹಿಂದಿನ ಶ್ರಾವಣ. ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಮುಖ್ಯ ಫಾರ್ಮಾಸಿಸ್ಟ್ ಆಗಿದ್ದೆ. ಅದಕ್ಕೂ ಮೊದಲು ಮಸ್ಕಿಯಲ್ಲಿ ಹನ್ನೆರಡು ವರ್ಷ ಔಷಧಿ ಅಂಗಡಿ ನಡೆಸಿದವನು. ಜನರೊಂದಿಗೆ ಮಾತಾಡುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ ಎಂಬ ಜಂಬ ಮೈತುಂಬ ಇತ್ತು. ಡಿ.ಫಾರ್ಮ್ ಓದುವ ನಾಲ್ವರು ವಿದ್ಯಾರ್ಥಿಗಳನ್ನು ಕಾಲೇಜಿನವರು ನನ್ನ ಬಳಿ ಬಿಟ್ಟಿದ್ದರು. ಪೇಷಂಟ್ ಕೌನ್ಸೆಲಿಂಗ್, ಅಂದರೆ ಔಷಧಿಯನ್ನು ಯಾವಾಗ, ಹೇಗೆ ತೆಗೆದುಕೊಳ್ಳಬೇಕೆಂದು ರೋಗಿಗೆ ತಿಳಿಸಿ ಹೇಳುವುದನ್ನು ಅವರು ಪಕ್ಕದಲ್ಲಿ ನಿಂತು ನೋಡಬೇಕು, ಕಂಡದ್ದನ್ನು ಲಾಗ್‌ಬುಕ್ಕಿನಲ್ಲಿ ಬರೆಯಬೇಕು, ನಾನು ಸಹಿ ಹಾಕಬೇಕು.

ಒಂದು ಶುಕ್ರವಾರ ಗೊರೇಬಾಳದ ರೈತ ಶರಣಪ್ಪನವರು ಹೆಂಡತಿ ನೀಲಮ್ಮನವರ ಜೊತೆ ಬಂದರು. ಸಕ್ಕರೆ ಕಾಯಿಲೆ ಹೊಸದಾಗಿ ಗೊತ್ತಾಗಿತ್ತು. ಡಾಕ್ಟರು ಗ್ಲಿಮೆಪಿರೈಡ್ ಬರೆದಿದ್ದರು. ರಕ್ತದ ಸಕ್ಕರೆಯನ್ನು ಇಳಿಸುವ ಗುಳಿಗೆ ಅದು. ನುಂಗಿ ಉಪವಾಸ ಕೂತರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ವಿದ್ಯಾರ್ಥಿಗಳು ನೋಡುತ್ತಿದ್ದಾರೆಂಬ ಹುರುಪಿನಲ್ಲಿ ನಾನು ಭಾಷಣವನ್ನೇ ಬಿಗಿದೆ. ದಿನಾ ಬೆಳಿಗ್ಗೆ ನಾಷ್ಟಾಕ್ಕೆ ಮುಂಚೆ ಒಂದು, ಒಂದು ದಿನವೂ ತಪ್ಪಿಸಕೂಡದು ಎಂದೆ.

“ಸರ, ಸೋಮವಾರ ಇವರು...” ಎಂದು ನೀಲಮ್ಮ ನಡುವೆ ಬಾಯಿ ತೆರೆದರು.

“ಸೋಮವಾರ ಬರೂದು ಬ್ಯಾಡ್ರಿ, ತಿಂಗಳ ಬಿಟ್ಟು ಬರ್ರಿ” ಎಂದು ನಾನು ಮುಂದಿನವರನ್ನು ಕರೆದೆ.

ಆ ನಾಲ್ವರಲ್ಲಿ ಗಿರಿಜಾ ಒಬ್ಬಳು, ಗುರುಗುಂಟಾದ ಹುಡುಗಿ, ಮಾತು ಕಡಿಮೆ. ‘ರೋಗಿಯ ಹೆಂಡತಿ ಸೋಮವಾರದ ಬಗ್ಗೆ ಏನೋ ಹೇಳಲಿದ್ದರು, ಪೂರ್ತಿ ಹೇಳಲು ಆಗಲಿಲ್ಲ’ ಎಂದು ಲಾಗ್‌ಬುಕ್ಕಿನಲ್ಲಿ ಬರೆದಿದ್ದಳು. ನನಗೆ ಪಿತ್ತ ನೆತ್ತಿಗೇರಿತು. “ನೀ ಕಲಿಯಾಕ ಬಂದೀಯೋ, ನನ್ನ ತಪ್ಪು ಹುಡುಕಾಕ ಬಂದೀಯೋ?” ಎಂದು ಎಲ್ಲರೆದುರು ಗದರಿದೆ. ಆ ಸಾಲು ಹೊಡೆದುಹಾಕಿಸಿ, ರೋಗಿಗೆ ಪೂರ್ತಿ ತಿಳಿದಿದೆ ಎಂದು ಬರೆಸಿ ಸಹಿ ಹಾಕಿದೆ.

ಸೋಮವಾರ ಮಧ್ಯಾಹ್ನ ಮೂರರ ಸುಮಾರಿಗೆ ಶರಣಪ್ಪನವರನ್ನು ಆಟೋದಲ್ಲಿ ಹೊತ್ತು ತಂದರು. ಅಂಗಿಯೆಲ್ಲ ಬೆವರು, ಪ್ರಜ್ಞೆ ಇಲ್ಲ. ಸಕ್ಕರೆ ನಲವತ್ತೆರಡಕ್ಕೆ ಇಳಿದಿತ್ತು. ಶ್ರಾವಣ ಸೋಮವಾರ ಅವರದು ಒಪ್ಪತ್ತು. ಸಂಜೆ ಪೂಜೆ ಮುಗಿಯುವವರೆಗೆ ಏನೂ ತಿನ್ನುವುದಿಲ್ಲ. ಗುಳಿಗೆಯನ್ನು ಮಾತ್ರ ನಾನು ಹೇಳಿದಂತೆ ಬೆಳಿಗ್ಗೆಯೇ ನುಂಗಿದ್ದರು. ನಮ್ಮ ಮನೆಯಲ್ಲೂ ನನ್ನ ತಾಯಿಯದು ಅದೇ ಒಪ್ಪತ್ತು, ಅದೇ ಸೋಮವಾರ. ಗೊತ್ತಿರಲಿಲ್ಲ ಎನ್ನುವ ಹಾಗೂ ಇರಲಿಲ್ಲ.

ಗ್ಲೂಕೋಸ್ ಏರಿಸಿದ ಮೇಲೆ ಅವರು ಕಣ್ಣು ಬಿಟ್ಟರು. ನೀಲಮ್ಮ ನನಗೆ ಕೈ ಮುಗಿದರು. “ತಪ್ಪು ನಮ್ದರೀ ಸರ. ನೀವು ಬರೋಬ್ಬರಿ ಹೇಳಿದ್ರಿ, ನಮಗ ತಿಳಿಲಿಲ್ಲ.”

ಪಕ್ಕದಲ್ಲಿ ಗಿರಿಜಾ ನನ್ನ ಮುಖವನ್ನೇ ನೋಡುತ್ತಿದ್ದಳು. ಆಗಲಾದರೂ ನಿಜ ಹೇಳಬಹುದಿತ್ತು. ನಾನು ಹೇಳಿದ್ದು ಇಷ್ಟು: “ಇರ್ಲಿ ಬಿಡ್ರಿ, ಇನ್ನ ಮುಂದ ಹುಷಾರಿರ್ರಿ.” ಮಾಡಿದವನು ನಾನು, ಕ್ಷಮಿಸಿದವನೂ ನಾನೇ.

ಗಿರಿಜಾ ನೀಲಮ್ಮನವರ ಪಕ್ಕ ಕುಕ್ಕರಗಾಲಲ್ಲಿ ಕೂತಳು.

“ಇಲ್ರೀ ಅವ್ವಾರ, ಆವತ್ತು ನೀವು ಹೇಳಾಕ ಬಂದಿದ್ರಿ. ನಾವು ಹೇಳಾಕ ಬಿಡಲಿಲ್ಲ. ಈಗ ಹೇಳ್ರಿ, ಮತ್ತ ಯಾವ್ಯಾವ ದಿನ ಒಪ್ಪತ್ತು ಇರ್ತಾರ?”

ನೀಲಮ್ಮ ಬೆರಳು ಮಡಚುತ್ತ ಒಂದೊಂದೇ ದಿನ ಹೇಳತೊಡಗಿದರು. ಗಿರಿಜಾ ಎಲ್ಲವನ್ನೂ ಬರೆದುಕೊಂಡು ಡಾಕ್ಟರ ಬಳಿ ಒಯ್ದಳು. ಬಯ್ಯಿಸಿಕೊಂಡವಳು ಅವಳು, ಆದರೂ ‘ನಾವು’ ಎಂದು ನನ್ನ ತಪ್ಪಿನಲ್ಲಿ ತನ್ನನ್ನೂ ಸೇರಿಸಿಕೊಂಡಿದ್ದಳು. ಫಾರ್ಮಾಸಿಸ್ಟ್ ಅಂದರೆ ಏನೆಂದು ಅವಳು ನನ್ನನ್ನು ನೋಡಿ ಕಲಿಯಬೇಕಿತ್ತು. ಆ ದಿನ ವಿದ್ಯಾರ್ಥಿಯ ಹಾಗೆ ಪಕ್ಕದಲ್ಲಿ ನಿಂತು ನೋಡುತ್ತಿದ್ದವನು ನಾನು.