ಜಾಗವಿಲ್ಲದ ಬೆಂಚು

೨೦೦೬ರಲ್ಲಿ ನಾನು ಧಾರವಾಡದ ನಮ್ಮ ವಕೀಲ ಸಂಸ್ಥೆಯ ದೆಹಲಿ ಶಾಖೆಯ ಮುಖ್ಯಸ್ಥನಾಗಿದ್ದೆ. ಮುಖ್ಯಸ್ಥ ಎಂದರೆ ದೊಡ್ಡದೇನಲ್ಲ. ಲಕ್ಷ್ಮೀ ನಗರದ ಎರಡು ಕೋಣೆಯ ಬಾಡಿಗೆ ಫ್ಲಾಟ್‌ನಲ್ಲಿ ನಾನು, ಒಬ್ಬ ಟೈಪಿಸ್ಟ್, ಒಂದು ಜೆರಾಕ್ಸ್ ಯಂತ್ರ.

ಮೂರು ತಲೆಮಾರು ಕಂಡ ಸಂಸ್ಥೆಯದು ಒಂದು ರೂಢಿ. ಕಕ್ಷಿದಾರರನ್ನು ಬೆಂಚಿನ ಮೇಲೆ ಕೂರಿಸಿ, ಅರ್ಜಿಯನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಸಹಿ. ಹಾಗೆ ಕೂತು ಕೇಳಿದವರೇ ತಮ್ಮ ನೆಂಟರಿಷ್ಟರನ್ನು ಕರೆತಂದರು. ಬೆಂಗಳೂರಿಗೆ, ಆಮೇಲೆ ದೆಹಲಿಗೆ ಶಾಖೆ ಬಂತು. ನನ್ನ ಫ್ಲಾಟ್‌ನಲ್ಲಿ ಬೆಂಚಿಗೆ ಜಾಗವಿರಲಿಲ್ಲ. ಅದೊಂದು ಹಳೇ ಶಾಸ್ತ್ರ ಎಂದು ಒಳಗೊಳಗೇ ನಗುತ್ತಲೂ ಇದ್ದೆ.

ಹುಬ್ಬಳ್ಳಿಯ ಶಾಂತಮ್ಮ ಬಾಡಿಗೆ ಕಟ್ಟಡದಲ್ಲಿ ಖಾನಾವಳಿ ನಡೆಸಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದ ವಿಧವೆ. ಕಟ್ಟಡ ಬಿಟ್ಟುಕೊಡಬೇಕೆಂದು ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್‌ನಲ್ಲಿ ತಡೆಯಾಜ್ಞೆ ಸಿಗದಿದ್ದರೆ ಸೋಮವಾರ ಬೀಗ. ಬುಧವಾರ ಬೆಳಿಗ್ಗೆ ರೈಲಿಳಿದು ನೇರ ನನ್ನಲ್ಲಿಗೆ ಬಂದರು. ಮಧ್ಯಾಹ್ನದೊಳಗೆ ಸಲ್ಲಿಸಿದರಷ್ಟೇ ಶುಕ್ರವಾರ ವಿಚಾರಣೆ. ಧಾರವಾಡದಿಂದ ಬಂದ ಫ್ಯಾಕ್ಸ್ ನೋಡಿಕೊಂಡು ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಜೊತೆಗೆ ಅಫಿಡವಿಟ್, ಅಂದರೆ ಇದೆಲ್ಲ ಸತ್ಯವೆಂದು ಕಕ್ಷಿದಾರರು ಮಾಡುವ ಪ್ರಮಾಣ.

“ಏನ್ ಬರ್ದೀರಿ ಸರ?” ಎಂದರು ಶಾಂತಮ್ಮ.

“ಎಲ್ಲಾ ನಿಮ್ಮ ಪರವಾಗೇ ಇದೆ ತಾಯಿ. ಚಲೋ, ಸಹಿ ಮಾಡಿ, ಟೈಮಿಲ್ಲ.”

ಶುಕ್ರವಾರ ಎದುರು ವಕೀಲರು ಒಂದು ಕಾಗದ ಹಿಡಿದು ಎದ್ದರು. ಖಾಲಿ ಮಾಡುವೆನೆಂದು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ ಎಂದು ನಮ್ಮ ಅರ್ಜಿ ಹೇಳುತ್ತಿತ್ತು. ತಿಂಗಳ ಕೊನೆಗೆ ಬಿಡುತ್ತೇನೆಂದು ಶಾಂತಮ್ಮ ಮಾಲೀಕನಿಗೆ ಬರೆದುಕೊಟ್ಟ ಕಾಗದ ಅದು. ನಿಜ ಮುಚ್ಚಿಟ್ಟವರಿಗೆ ಪರಿಹಾರವಿಲ್ಲ ಎಂದು ನ್ಯಾಯಪೀಠ ಅರ್ಜಿ ವಜಾ ಮಾಡಿತು. ಎರಡು ನಿಮಿಷವೂ ಹಿಡಿಯಲಿಲ್ಲ.

ಹೊರಗೆ ಬಂದು ಆಕೆಯ ಮೇಲೆ ರೇಗಿದೆ. “ಇದನ್ನ ಮೊದಲೇ ಯಾಕೆ ಹೇಳಲಿಲ್ಲ?”

“ಹೆದರ್ಸಿ ಬರಸ್ಕೊಂಡಿದ್ರು ರೀ. ನೀವು ಓದಿ ಹೇಳಿದ್ರ ಅಲ್ಲೇ ಹೇಳ್ತಿದ್ದೆ.”

ಕೋರ್ಟಿಗೆ ನಿಜ ಹೇಳಿ ಬೇಡಿಕೊಂಡಿದ್ದರೆ ಖಾಲಿ ಮಾಡಲು ಒಂದು ವರ್ಷದ ಕಾಲಾವಕಾಶವಾದರೂ ಸಿಗುತ್ತಿತ್ತೇನೋ. ಅಂಥ ಆದೇಶಗಳನ್ನು ನಾನೇ ಎಷ್ಟೋ ಸಲ ಪಡೆದಿದ್ದೆ. ಆಕೆ ಅಳಲಿಲ್ಲ. ಊರಿಗೆ ಫೋನ್ ಮಾಡಿ ದೊಡ್ಡ ಪಾತ್ರೆಗಳನ್ನು ಹೊರಗಿಡಲು ಮಗಳಿಗೆ ಹೇಳಿದರು. ನಾಚಿಕೆಯಿಂದ ನಾನು ಕುಗ್ಗಿಹೋದೆ.

ಧಾರವಾಡದ ಹಿರಿಯ ವಕೀಲರಿಗೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ. “ಬೆಂಚ್ ಎಲ್ಲಿ ಹಾಕೀಪಾ?” ಎಂದಷ್ಟೇ ಕೇಳಿದರು.

ಮರುವಾರ ಜೆರಾಕ್ಸ್ ಯಂತ್ರ ಅಡುಗೆಮನೆಗೆ ಹೋಯಿತು, ಬೆಂಚು ಬಂತು. ಅಲ್ಲಿಂದ ನಿವೃತ್ತಿಯವರೆಗೆ ಓದಿ ಹೇಳದೆ ಒಂದು ಸಹಿಯನ್ನೂ ಪಡೆಯಲಿಲ್ಲ. ಕೆಲವರು ಕೇಳುತ್ತಾ ತೂಕಡಿಸುತ್ತಿದ್ದರು, ಎಬ್ಬಿಸಿ ಓದುತ್ತಿದ್ದೆ. ಕಕ್ಷಿದಾರರಿಗೆ ಗೊತ್ತಿರುವುದು ಯಾವ ಫೈಲಿನಲ್ಲೂ ಇರುವುದಿಲ್ಲ ಎಂಬುದನ್ನು ನಾನು ಕಲಿತೆ. ಅದಕ್ಕೆ ಬೆಲೆ ತೆತ್ತದ್ದು ಮಾತ್ರ ಶಾಂತಮ್ಮ.