ರೇಡಿಯೋ ಸುಮ್ಮನಿದ್ದ ಮಧ್ಯಾಹ್ನ

ಇದು ನಡೆದದ್ದೋ, ಭೌತಶಾಸ್ತ್ರ ಓದಿದ ಮೇಲೆ ನಾನೇ ಕಟ್ಟಿಕೊಂಡದ್ದೋ, ಪ್ರಮಾಣ ಮಾಡಿ ಹೇಳಲಾರೆ. ಆದರೆ ಮಳೆಗಾಲದಲ್ಲಿ ಯಾರ ಮನೆಯ ರೇಡಿಯೋ ಕರಕರ ಎಂದರೂ ಅರವತ್ತರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯ ನಂದಿದುರ್ಗದಲ್ಲಿದ್ದ ನಮ್ಮ ಲೈನುಮನೆ, ಕೂಲಿಗಳ ಸಾಲುಮನೆ, ಕಣ್ಮುಂದೆ ಬರುತ್ತದೆ: ತಗಡಿನ ಮಾಡು, ಕಿಟಕಿಯಿಲ್ಲದ ಕತ್ತಲೆ, ಒದ್ದೆ ಗೋಣಿಯ ವಾಸನೆ, ಹಲಗೆಯ ಮೇಲೆ ಒರಗಿಸಿಟ್ಟ ಹಿತ್ತಾಳೆ ತಟ್ಟೆಗಳು. ಅಪ್ಪ ಗಣಿಗೆ ಇಳಿಯುವವನು. ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ತಟ್ಟೆಗಳು ನಡುಗುತ್ತಿದ್ದವು. ಹೆಂಗಸರು ಗಣಿಯ ಬಾಗಿಲಿಗೆ ಓಡುತ್ತಿದ್ದರು. ಗುಡುಗಿಗೂ ಅವು ಹಾಗೆಯೇ ನಡುಗುತ್ತಿದ್ದವು. ಅದಕ್ಕೇ ಮೋಡ ಕವಿದ ದಿನ ಅವ್ವ ಅಪ್ಪನ ಟ್ರಾನ್ಸಿಸ್ಟರನ್ನು ಯಾವ ಸ್ಟೇಷನ್ನೂ ಸಿಗದ ಕಡೆ ತಿರುಗಿಸಿ, ಪಕ್ಕದಲ್ಲಿಟ್ಟುಕೊಂಡು ರಾಗಿ ಕೇರುತ್ತಿದ್ದಳು. ಅದು ಕರಕರ ಎಂದು, ಆಮೇಲೆ ತಟ್ಟೆ ನಡುಗಿದರೆ ಗುಡುಗು; ಮೊರ ನಿಲ್ಲುತ್ತಿರಲಿಲ್ಲ. ಆಕಾಶಕ್ಕೆ ರೇಡಿಯೋ ಹೆದರುತ್ತದೆ ಎಂಬುದು ಅವಳ ವಿವರಣೆ. ಮಿಂಚಿನಿಂದ ಹೊರಟ ವಿದ್ಯುತ್ಕಾಂತೀಯ ಅಲೆ ಬೆಳಕಿನ ವೇಗದಲ್ಲಿ ಬಂದು ರೇಡಿಯೋವನ್ನು ತಟ್ಟುತ್ತದೆ, ಶಬ್ದ ಗಾಳಿಯಲ್ಲಿ ನಿಧಾನವಾಗಿ ಹಿಂದೆ ಬರುತ್ತದೆ, ಬಂಡೆ ಸಿಡಿದರೆ ಬರುವುದು ನೆಲದ ನಡುಕ ಮಾತ್ರ ಎಂದು ನಾನು ಕಲಿತದ್ದು ಎಷ್ಟೋ ವರ್ಷಗಳ ಮೇಲೆ.

ಒಂದು ಮಧ್ಯಾಹ್ನ ಜಡಿಮಳೆಯ ನಡುವೆ ತಟ್ಟೆಗಳು ಜಣಜಣ ಎಂದವು. ರೇಡಿಯೋ ಮಾತ್ರ ಮೊದಲಿನಂತೆ ಬರೀ ಸುಯ್ಯೆನ್ನುತ್ತಿತ್ತು. ಅವ್ವ ಮೊರ ಕೆಳಗಿಟ್ಟು ಎದ್ದಳು.

"ಇಡಿ ಮ್ಮಾ ಅದು, ಗುಡುಗು! ಈ ಮಳೇಲಿ ಎಲ್ಲಿಗೆ ಓಗ್ತೀಯಾ?" ಪಕ್ಕದ ಮನೆಯ ಕನ್ನಮ್ಮ ತನ್ನ ತಮಿಳು ಬೆರೆಸಿದ ಮಾತಿನಲ್ಲಿ ನಕ್ಕಳು. "ನಿನ್ ಡಬ್ಬ ಏನು ಶಾಸ್ತ್ರ ಏಳ್ತು?"

"ಡಬ್ಬ ಬಾಯೇ ಬಿಡ್ಲಿಲ್ಲ ಕಣೇ. ಇದು ಮ್ಯಾಲಿಂದಲ್ಲ, ಕೆಳಗಿಂದು."

ನನ್ನ ಕೈ ಹಿಡಿದು ಎಳೆದುಕೊಂಡೇ ಹೋದಳು. ಗಣಿಯ ಬಾಗಿಲಲ್ಲಿ ಕಾವಲಿನವನೂ ಗುಡುಗೆಂದೇ ಗದರಿದ.

"ನೀನು ಒಳಗಿದ್ಯೇನಯ್ಯ ನೋಡಕ್ಕೆ? ಅವ್ರು ಬರೋಗಂಟ ಕದಲಾಕಿಲ್ಲ," ಎಂದಳು ಅವ್ವ.

ಇಡೀ ಲೈನಿನಿಂದ ಬಂದವಳು ಅವಳೊಬ್ಬಳೇ. ಬಹಳ ಹೊತ್ತಿನ ಮೇಲೆ ಅಪ್ಪ ಮೇಲೆ ಬಂದ. ಮೈಯೆಲ್ಲ ಕಲ್ಲಿನ ಧೂಳು. "ಬಂಡೆ ಸಿಡೀತು. ಪಕ್ಕದ ಸುರಂಗದಲ್ಲಿ," ಎಂದ. ಆಮೇಲೆ ಅವಳನ್ನು ನೋಡಿ, "ನೆಂದು ತೊಪ್ಪೆ ಆಗಿದ್ದೀಯಲ್ಲೇ, ಹುಚ್ಚಿ."

ನಾನು ಕಲಿಸುವ ಭೌತಶಾಸ್ತ್ರದ ಪಾಠವನ್ನು ಅವ್ವನ ಬಾಯಲ್ಲಿ ಇಟ್ಟಿದ್ದೇನೆ ಎಂದು ಸಹೋದ್ಯೋಗಿಯೊಬ್ಬರು ನಗುತ್ತಾರೆ. ಇರಬಹುದು. ಕೇಳೋಣವೆಂದರೆ ಅಪ್ಪನಿಲ್ಲ, ಅವ್ವನಿಲ್ಲ, ಕನ್ನಮ್ಮನಿಲ್ಲ. ಲೈನಿದ್ದ ಕಡೆ ಜಾಲಿ ಬೆಳೆದಿದೆ. ಆದರೂ ಅವಳನ್ನು ನಾನು ಬಿಟ್ಟುಕೊಡುವುದಿಲ್ಲ. ಒಂದನ್ನಂತೂ ಪರೀಕ್ಷಿಸಿ ನೋಡಿದ್ದೇನೆ. ಬಂಗಾರಪೇಟೆಯಲ್ಲಿ ರೈಲುಹಳಿಯ ಪಕ್ಕದ ನನ್ನ ಮನೆಯಲ್ಲಿ, ಅವಳ ತಟ್ಟೆಗಳನ್ನು ಒರಗಿಸಿ, ಸ್ಟೇಷನ್ ಸಿಗದ ಕಡೆ ರೇಡಿಯೋ ತಿರುಗಿಸಿ ಕೂತೆ. ಗುಡುಗಿಗೆ ಮೊದಲು ರೇಡಿಯೋ ಕರಕರ ಎಂದಿತು, ಆಮೇಲೆ ತಟ್ಟೆಗಳು ನಡುಗಿದವು. ಮಾರಿಕುಪ್ಪಂ ರೈಲು ನೆಲ ಅದುರಿಸಿಕೊಂಡು ಹೋದಾಗಲೂ ತಟ್ಟೆಗಳು ಜಣಜಣ ಎಂದವು. ರೇಡಿಯೋ ಬಾಯಿ ಬಿಡಲಿಲ್ಲ.